ತಂಗಿಯ ಎಲುಬಿಗೆ ಎಪ್ಪತ್ತು ವರ್ಷ

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಅದರಿಂದಾದ ಒಂದೇ ಲಾಭ, ಹುಟ್ಟಿದ ತಾರೀಖಿಗೊಂದು ದಾಖಲೆ. ಆರು ವರ್ಷ ಚಿಕ್ಕವಳಾದ ತಂಗಿಗೆ ಅದೂ ಇರಲಿಲ್ಲ. ನಾನು ರಾಣೆಬೆನ್ನೂರಿನ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತು ಜೀವನವಿಡೀ ಸೀರೆ ಬಿಚ್ಚಿ ತೋರಿಸಿದೆ. ಅವಳು ಬ್ಯಾಡಗಿಯಲ್ಲಿ ನೆಲದ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿದಳು, ಚೀಲ ಹೊತ್ತಳು. ಚಿಕ್ಕಂದಿನಲ್ಲಿ ಮನೆಗೆ ನೀರು ಹೊತ್ತವಳೂ ಅವಳೇ. ನನ್ನ ಸರದಿಯ ದಿನ ನನಗೆ ತಲೆನೋವು ಬರುತ್ತಿತ್ತು. ಅವಳು ಕೊಡ ಇಳಿಸಿದೊಡನೆ ಹೋಗುತ್ತಿತ್ತು.

ನನಗೆ ಅರವತ್ತೈದು ತುಂಬಿದಾಗ ಇಬ್ಬರೂ, ಆ ವಯಸ್ಸಾದವರಿಗೆ ಸಿಗುವ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದೆವು. ದಾಖಲೆಯಿಲ್ಲದ ಅವಳಿಗೆ ಹಾವೇರಿಯ ಆಸ್ಪತ್ರೆಯಿಂದ ವಯಸ್ಸಿನ ಚೀಟಿ ಬೇಕಿತ್ತು.

“ಮೊಣಕಾಲು ನನ್ನ ಮಾತು ಕೇಳವಲ್ವು ಅಣ್ಣಾ. ಇನ್ನ ತೊಟ್ಟು ಮುರಿಯಾಕ ಕುಂದ್ರೂದು ಆಗೂದಿಲ್ಲ. ಜೋಡಿ ಬಾ. ಆದ್ರ ಅಲ್ಲಿ ನೀ ಬಾಯಿ ತೆಗೀಬ್ಯಾಡ,” ಎಂದಳು.

ಆ ಡಾಕ್ಟರು ಗುರುತು ಸಿಗದ ಹೆಣಗಳ ಎಲುಬು ನೋಡಿ ಕೋರ್ಟಿಗೆ ವಯಸ್ಸು ಹೇಳುವವರು. ದುಡಿದವರ ಎಲುಬಿಗೆ ಯಾಕೆ ಬೇಗ ಮುಪ್ಪು ಬರುತ್ತದೆಂದು ನೋಟುಬುಕ್ಕಿನಲ್ಲಿ ಬರೆದೂ ಇಡುತ್ತಿದ್ದರು.

“ವಯಸ್ಸೆಷ್ಟು ಯವ್ವಾ?”

“ಅದನ್ನ ಕೇಳಾಕ ಬಂದೇನ್ರಿ ನಾನು.”

ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕಾಲು ಸವೆದಿತ್ತು, ಬೆನ್ನೆಲುಬಿಗೆ ಮುಳ್ಳೆದ್ದಿತ್ತು. “ಎಪ್ಪತ್ತಕ್ಕ ಕಡಿಮಿ ಇಲ್ಲ ಬಿಡ್ರಿ,” ಎಂದು ಪೆನ್ನು ತೆಗೆದರು. ಆಮೇಲೆ ನನ್ನತ್ತ ನೋಡಿ, “ಇವರು ನಿಮ್ಮ ತಮ್ಮಾರೇನ್ರಿ?” ಎಂದು ಅವಳನ್ನು ಕೇಳಿದರು.

ಮನೆಯಲ್ಲಿ ಮೊದಲ ಸ್ನಾನ, ಹಬ್ಬದ ಮೊದಲ ಹೋಳಿಗೆ, ಎಲ್ಲವನ್ನೂ ಹಿರಿಯನೆಂದು ಅನುಭವಿಸಿದವನು ನಾನು. ತಂಗಿ ನನ್ನ ಕಾಲು ತುಳಿದಳು. ಆದರೂ ತಡೆಯಲಾಗಲಿಲ್ಲ.

“ತಮ್ಮ? ಈಕಿ ತೊಟ್ಟಿಲದಾಗ ಇದ್ದಾಗ ನಾ ಪಾಟಿ ಹಿಡಕೊಂಡು ಸಾಲಿಗೆ ಹೋಗ್ತಿದ್ನಿರಿ! ಆರು ವರ್ಷ ದೊಡ್ಡಾಂವ!” ಎಂದು ಕಿಸೆಯಿಂದ ಶಾಲೆಯ ದಾಖಲೆಯನ್ನೂ ತೆಗೆದು ಮೇಜಿನ ಮೇಲಿಟ್ಟೆ.

ಪೆನ್ನು ನಿಂತಿತು. “ಹಂಗಾರ ಇವರಿಗೆ ಐವತ್ತೊಂಬತ್ತು ಆತು. ಇನ್ನ ಚೀಟಿ ಬರಕೊಡಾಕ ಬರೂದಿಲ್ರಿ.” ಡಾಕ್ಟರು ನೋಟುಬುಕ್ಕು ತೆರೆದು ಕೇಳಿದರು, “ಮನ್ಯಾಗ ನೀರು ಯಾರು ಹೊರತಿದ್ರಿ?”

“ಸರತಿ ಮ್ಯಾಲೆ ಇಬ್ಬರೂ ಹೊರತಿದ್ವಿರಿ,” ಎಂದಳು ತಂಗಿ, ನನ್ನ ಮಾನ ಉಳಿಸಲು.

“ಹೌದಾ? ಹಂಗಾರ ಇವರದೂ ಒಂದು ಎಕ್ಸ್‌ರೇ ತಗೊಳ್ಳೂಣು.”

ನನಗೆ ತಕ್ಷಣ ಮೂತ್ರಕ್ಕೆ ಹೋಗಬೇಕಾಯಿತು. ಬಸ್ ನಿಲ್ದಾಣದವರೆಗೂ ಹೋದೆ.

ಮೊಣಕಾಲು ಗಟ್ಟಿಯಿದ್ದ ನನಗೆ ವೇತನ ಮಂಜೂರಾಯಿತು. ಅವಳು ಇನ್ನೂ ಆರು ವರ್ಷ, ಕಾಲು ಮಡಿಸಲಾಗದೆ ಚಾಚಿಕೊಂಡು ಕುಳಿತು, ತೊಟ್ಟು ಮುರಿದಳು. ಪಾಪ ಕಳೆದುಕೊಳ್ಳಲು ನಾನು ಅವಳ ಮನೆಗೆ ನೀರು ತುಂಬತೊಡಗಿದೆ. ಅಷ್ಟರಲ್ಲಿ ನಲ್ಲಿ ಅವಳ ಅಂಗಳಕ್ಕೇ ಬಂದಿತ್ತು.

ಆರು ವರ್ಷ ಕಳೆದು ಮತ್ತೆ ಹಾವೇರಿಗೆ ಹೋದೆವು. ಡಾಕ್ಟರ ಕೋಣೆಯ ಬಾಗಿಲಲ್ಲಿ ಅವಳು ಚಪ್ಪಲಿ ಬಿಚ್ಚಿ ನನ್ನ ಮುಂದಿಟ್ಟಳು.

“ಇವನ್ನ ಕಾಯಕೋತ ಇಲ್ಲೇ ಕುಂದ್ರು ಅಣ್ಣಾ. ಒಳಗ ಬಂದಿ ಅಂದ್ರ ನಿನ್ನ ಗಟ್ಟಿ ಕಾಲು ಮುರೀತೇನಿ ನೋಡು.”

ಅವಳು ಚೀಟಿ ಹಿಡಿದು ಹೊರಬರುವವರೆಗೆ, ಪಕ್ಕದವರು ಯಾವೂರು ಎಂದು ಕೇಳಿದರೂ ನಾನು ಬಾಯಿ ಬಿಡಲಿಲ್ಲ.