ಅನ್‌ವೆಲ್, ಇಲ್, ಸೀರಿಯಸ್

ಕಾನ್ವೆಂಟಿನಲ್ಲಿ ಓದಿದ ಸೊಸೆಯೆಂದು ಚನ್ನಪಟ್ಟಣದ ನಮ್ಮ ಮನೆಯ ಇಂಗ್ಲಿಷ್ ಕೆಲಸವೆಲ್ಲ ಮೊದಲಿನಿಂದಲೂ ನನ್ನ ಪಾಲಿಗೇ ಬಂತು. ಆಗ ಟೆಲಿಗ್ರಾಂ, ಈಗ ವಾಟ್ಸಾಪ್ ಗ್ರೂಪು. ಮದುವೆಯಾಗಲಿ ಸಾವಾಗಲಿ, ನಾನು ಬರೆದರೇನೇ ನೆಂಟರಿಗೆ ನಂಬಿಕೆ.

ಹೋದ ಮಳೆಗಾಲ ನನ್ನ ಮೈದುನನನ್ನು ಎದೆನೋವೆಂದು ರಾಮನಗರದ ಆಸ್ಪತ್ರೆಗೆ ಸೇರಿಸಿದೆವು. ಮರುದಿನ ಬೆಳಿಗ್ಗೆ ಆಪರೇಷನ್. ತಾಯಿಯಿಲ್ಲದ ಅವನನ್ನು ಸಾಕಿದ ಅಕ್ಕ ಕೋಡಿಹಳ್ಳಿಯಲ್ಲಿದ್ದಾರೆ. ಅವರಿಗೆ ಈಗ ಕಿವಿ ಕೇಳದು, ಫೋನಿನಲ್ಲಿ ಮಾತಿಲ್ಲ. ಗ್ರೂಪಿನಲ್ಲಿ ಬಂದದ್ದನ್ನು ಮೊಮ್ಮಗಳು ಓದಿ ಸನ್ನೆಯಲ್ಲಿ ತಿಳಿಸಬೇಕು. ಅವರು ಇವತ್ತೇ ಬರುವ ಹಾಗೆ ಬರೆಯಿರಿ ಎಂದು ನನ್ನ ಓರಗಿತ್ತಿ ಗಂಡನ ಮಂಚದ ಪಕ್ಕದಲ್ಲಿ ನಿಂತು ಪಿಸುಗುಟ್ಟಿದಳು.

ಏನೆಂದು ಬರೆಯುವುದು? ‘ಅನ್‌ವೆಲ್’ ಎಂದರೆ ನೆಗಡಿ ಎಂದುಕೊಳ್ಳುತ್ತಾರೆ. ‘ಸಿಕ್’ ಎಂದರೆ ಹೊಟ್ಟೆ ತೊಳಸಿದವರು ಹೇಳುವ ಮಾತು ಎಂದು ನಮ್ಮ ಟೀಚರ್ ಮೂಗು ಮುರಿಯುತ್ತಿದ್ದರು. ‘ಸೀರಿಯಸ್’ ಎಂದು ಬರೆದರೋ, ನಮ್ಮ ಕಡೆ ಅದರ ಅರ್ಥ ಒಂದೇ: ಒಲೆ ಆರಿಸಿ, ವ್ಯಾನು ಮಾಡಿಕೊಂಡು, ಊರೇ ಅಳುತ್ತ ಬಂದಿಳಿಯುತ್ತದೆ. ಅದೂ ಅಲ್ಲದೆ, ಮೈದುನನೂ ಆ ಗ್ರೂಪಿನಲ್ಲಿದ್ದಾನೆ. ಫೋನು ಅವನ ಎದೆಯ ಮೇಲೇ ಇತ್ತು. ನಾನು ಬರೆದ ಪದವನ್ನು ಮೊದಲು ಓದುವವನು ಅವನೇ. ನೆಗಡಿಗೂ ಸಾವಿಗೂ ನಡುವಿನ ಮಾತೆಂದು ‘ಇಲ್’ ಎಂದು ಕಳಿಸಿದೆ.

ಅವನು ಓದಿದ.

“ಅತ್ತಿಗೆ, ಇಷ್ಟಕ್ಕೆಲ್ಲ ನಮ್ಮಕ್ಕ ಹಸ ಬುಟ್ಟು ಬರಾಕಿಲ್ಲ.”

“ಮತ್ತೇನು ಬರೀಲಿ?”

“ಸೀರಿಯಸ್ ಅಂತ್ಲೇ ಹಾಕಿ. ನಾನು ನೋಡಾಕಿಲ್ಲ.”

ಫೋನನ್ನು ದಿಂಬಿನಡಿಗೆ ತಳ್ಳಿ ಕಿಟಕಿಯ ಕಡೆ ಹೊರಳಿದ. ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಳಿಸಿದ್ದೇ ತಡ, ದಿಂಬಿನಡಿಯಲ್ಲಿ ಟಿಂಗ್ ಎಂದಿತು. ಅವನು ಕದಲಲಿಲ್ಲ. ಬರೆದ ಮಾತು ಎಲ್ಲಿ ನಿಜವಾಗಿಬಿಡುತ್ತದೋ ಎಂದು ಅವನ ಬೆನ್ನು ಏರಿಳಿಯುವುದನ್ನೇ ನೋಡುತ್ತ ಕುಳಿತೆ.

ಆಮೇಲೆ ಇನ್ನೊಂದು ಟಿಂಗ್. ಕೋಡಿಹಳ್ಳಿಯ ಮೊಮ್ಮಗಳದು.

“ಹೊಂಟ್ಳಂತಾ?” ಎಂದ, ತಿರುಗದೆಯೇ.

ಹೊರಟರಂತೆ ಎಂದೆ.

“ಅಳ್ತಾ ಬಂದ್ರೆ ನೀವೇ ಸಮಾಧಾನ ಮಾಡ್ಬೇಕು, ಅತ್ತಿಗೆ. ಇಂಗ್ಲಿಷ್ ನಿಮ್ದು.”