ಮಿದುಳು ಎಚ್ಚರವಿತ್ತು, ಉಸಿರಿರಲಿಲ್ಲ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ತಜ್ಞೆಯಾಗಿದ್ದೆ. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸುವುದು, ಮುಗಿಯುವವರೆಗೆ ಅವರ ಉಸಿರು ಕಾಯುವುದು, ಮತ್ತೆ ಎಬ್ಬಿಸುವುದು ನನ್ನ ಕೆಲಸ. ವೆಂಟಿಲೇಟರುಗಳ ಉಸ್ತುವಾರಿಯೂ ನನ್ನದೇ.

ಭತ್ತದ ನಾಟಿಯ ಹಂಗಾಮು. ಒಂದು ಮಧ್ಯಾಹ್ನ ಬಳಗಾನೂರಿನಿಂದ ಹುಲಿಗೆಮ್ಮ ಎಂಬ ಹೆಣ್ಣುಮಗಳನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ತಂದರು. ಮುಂದೆ ಗಂಡ ಅಮರೇಶ, ಹಿಂದೆ ಆಕೆಯನ್ನು ಆತುಕೊಂಡು ಕೂತ ಅವನ ಅಣ್ಣ ದೇವಪ್ಪ. ಸಸಿ ಕೀಳುವಾಗ ನಾಗರಹಾವು ಕೈಗೆ ಕಚ್ಚಿತ್ತು.

ಬಂದಾಗ ಆಕೆ ಮಾತಾಡುತ್ತಿದ್ದಳು, ಆದರೆ ದನಿ ಮೂಗಿನಿಂದ ಬರುತ್ತಿತ್ತು. ರೆಪ್ಪೆಗಳು ಜೋತುಬಿದ್ದಿದ್ದವು. ಉಗುಳು ನುಂಗಲಾಗುತ್ತಿರಲಿಲ್ಲ. ವಿಷಕ್ಕೆ ಪ್ರತಿಯಾದ ಆಂಟಿವೆನಮ್ ಡ್ರಿಪ್ ಹಚ್ಚಿದೆವು. ಅದು ಕೆಲಸ ಮಾಡುವ ಮೊದಲೇ ಉಸಿರು ಸಣ್ಣಗಾಗುತ್ತ ಬಂತು. ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರಿಗೆ ಜೋಡಿಸಿದೆ.

ಉಸಿರಾಡು ಎಂಬ ಅಪ್ಪಣೆ ಹೊರಡುವುದು ಮಿದುಳಿನ ಬುಡದಲ್ಲಿ, ಕುತ್ತಿಗೆಯ ಮೇಲ್ಗಡೆ. ನರಗಳು ಅದನ್ನು ಎದೆಯ ಸ್ನಾಯುಗಳಿಗೂ, ಎದೆ ಮತ್ತು ಹೊಟ್ಟೆಯ ನಡುವಿನ ವಪೆಗೂ ಮುಟ್ಟಿಸುತ್ತವೆ. ವಪೆ ಕೆಳಗಿಳಿದಾಗ ಶ್ವಾಸಕೋಶ ಹಿಗ್ಗಿ ಗಾಳಿ ಒಳಬರುತ್ತದೆ. ನಾಗರಹಾವಿನ ವಿಷ ಹೆಚ್ಚಾಗಿ ಮಿದುಳನ್ನು ಮುಟ್ಟುವುದಿಲ್ಲ. ನರವು ಸ್ನಾಯುವನ್ನು ಸೇರುವ ಜಾಗದಲ್ಲಿ ಕೂತು ದಾರಿ ಕಟ್ಟುತ್ತದೆ. ಅಪ್ಪಣೆ ಹೊರಡುತ್ತದೆ, ತಲುಪುವುದಿಲ್ಲ. ಒಳಗಿನವರು ಎಚ್ಚರವಾಗಿದ್ದರೂ ಹೊರಗಿನಿಂದ ಹೆಣದ ಹಾಗೆಯೇ ಕಾಣುತ್ತಾರೆ.

ಮರುದಿನ ಬೆಳಗ್ಗೆ ಹುಲಿಗೆಮ್ಮ ಹಾಗೆಯೇ ಕಾಣುತ್ತಿದ್ದಳು. ಟ್ಯೂಬ್ ಸಹಿಸಲೆಂದು ಕೊಟ್ಟಿದ್ದ ಮಂಪರಿನ ಔಷಧ ಕಡಿಮೆ ಮಾಡಿದ್ದೆ, ಆದರೂ ರೆಪ್ಪೆ ಕದಲಿರಲಿಲ್ಲ. ಊರಿನಿಂದ ನೆಂಟರು ಹೊರಟಿದ್ದರು. ರಾತ್ರಿಯೆಲ್ಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ ದೇವಪ್ಪ ಮಂಚದ ಬಳಿ ನಿಂತು ಮೆಲ್ಲಗೆ ಅಂದ: "ಜೀವ ಹೋಗೈತ್ರೀ ಮೇಡಂ. ಮಷಿನ್ ತಗೀರಿ, ಮನೀಗೆ ಒಯ್ತೀವಿ."

ಅಮರೇಶ ನನ್ನ ಮುಖ ನೋಡಿದ. ಮಿದುಳು ಚೆನ್ನಾಗಿದೆ, ವಿಷ ಇಳಿದರೆ ಉಸಿರು ಮರಳುತ್ತದೆ ಎಂದೆ. ದೇವಪ್ಪ ನಂಬಲಿಲ್ಲ. ನಂಬಿಸಲು ನನ್ನ ಹತ್ತಿರ ಬರಿ ಮಾತಿತ್ತು. ಆಕೆಯ ಹೆಸರು ಹಿಡಿದು ಕರೆದು, ಕಾಲ್ಬೆರಳು ಆಡಿಸಲು ಹೇಳಿದೆ. ಏನೂ ಆಗಲಿಲ್ಲ. ನನಗೂ ಒಳಗೆ ಅಳುಕು ಹುಟ್ಟಿತು.

ನೀನೇ ಮಾತಾಡಿಸು ಎಂದು ಅಮರೇಶನಿಗೆ ಹೇಳಿದೆ. ಅವನು ನಾಚಿಕೊಂಡೇ ಬಾಗಿದ. "ಹುಲಿಗೀ, ಸಣ್ಣ ಮಗಳು ಊಟ ಮಾಡವಲ್ಲಳು. ನೀನ ಬಂದು ತಿನಸ್ಬೇಕಂತ. ಕಾಲಬೆರಳ ಅಲ್ಲಾಡ್ಸ ನೋಡೂನು."

ಬಲಗಾಲಿನ ಹೆಬ್ಬೆರಳು ಅದುರಿತು. ಅದು ಮಷಿನ್ನಿನ ಅಲುಗಾಟ ಎಂದ ದೇವಪ್ಪ. ಅನುಮಾನ ನ್ಯಾಯವೇ ಆಗಿತ್ತು. ಈ ಸಲ ಎರಡು ಬಾರಿ ಆಡಿಸು ಎಂದು ಹುಲಿಗೆಮ್ಮನಿಗೆ ಹೇಳಿದೆ. ಮೂವರೂ ಪಾದವನ್ನೇ ನೋಡುತ್ತ ನಿಂತೆವು. ಬೆರಳು ಒಮ್ಮೆ ಆಡಿತು. ಸ್ವಲ್ಪ ತಡೆದು, ಮತ್ತೊಮ್ಮೆ.

ದೇವಪ್ಪ ಹೆಗಲ ಟವೆಲು ಮುಖಕ್ಕೆ ಒತ್ತಿಕೊಂಡು ಹೊರಗೆ ನಡೆದ. ಬಾಗಿಲಾಚೆ ಅವನು ಫೋನಿನಲ್ಲಿ ಹೇಳುವುದು ಕೇಳಿಸಿತು: "ಯಾರೂ ಬರಬ್ಯಾಡ್ರಿ. ಅಕಿ ಅದಾಳ."

ಮುಂದಿನ ದಿನಗಳಲ್ಲಿ ಮೊದಲು ರೆಪ್ಪೆ ತೆರೆಯಿತು, ಆಮೇಲೆ ಕುತ್ತಿಗೆ ಎತ್ತಲು ಬಂತು, ಕೊನೆಗೆ ಉಸಿರು ಆಕೆಯದೇ ಆಯಿತು. ಟ್ಯೂಬ್ ತೆಗೆದ ದಿನ ದೇವಪ್ಪ ನನ್ನನ್ನು ವರಾಂಡಕ್ಕೆ ಕರೆದು, ತಾನು ಅಂದದ್ದು ಆಕೆಗೆ ಕೇಳಿಸಿರಬಹುದೇ ಎಂದು ಕೇಳಿದ. ಗೊತ್ತಿಲ್ಲ ಎಂದು ಒಳಗೆ ಬಂದು, ಆಕೆಯನ್ನೇ ಕೇಳಿದೆ.

"ಕೇಳಿಸ್ತ್ರೀ," ಅಂದಳು ಒಡಕು ದನಿಯಲ್ಲಿ. "ನಾ ಅದೀನಿ, ನಾ ಅದೀನಿ ಅಂತ ಒಳಗ ಒದರಾಕತ್ತಿದ್ದೆ." ಸ್ವಲ್ಪ ಸುಧಾರಿಸಿಕೊಂಡು, "ಭಾವಗ ಮಾತ್ರ ಕೇಳಿಸಿಲ್ಲ ಅಂತ ಹೇಳ್ರಿ. ಭಾಳ ನೊಂದ್ಕೋತಾರ."

ಹಾಗೆಯೇ ಹೇಳಿದೆ.

ಈಗ ವೆಂಟಿಲೇಟರಿನಲ್ಲಿರುವ ಯಾರನ್ನೇ ಮುಟ್ಟುವ ಮೊದಲು ಹೆಸರು ಹಿಡಿದು ಕರೆಯುತ್ತೇನೆ, ಏನು ಮಾಡಲಿದ್ದೇನೆಂದು ಹೇಳುತ್ತೇನೆ. ಮನೆಯವರು ಮಂಚದ ಬಳಿ ಚರ್ಚೆಗಿಳಿದರೆ ವರಾಂಡಕ್ಕೆ ಕರೆದೊಯ್ಯುತ್ತೇನೆ. ಮಾತಾಡಿಸಲು ಬಂದವರಿಗೆ ಮಾತ್ರ ಕುರ್ಚಿ ಹಾಕಿಸುತ್ತೇನೆ, ಮಂಚಕ್ಕೆ ಹತ್ತಿರವಾಗಿ.