ಮೇಲೆ ಆಡಿದ ಮಾತು, ಕೆಳಗೆ ಹಾಕಿದ ಮತ

ಬೆಳಗಿನ ಐದೂವರೆ. ಟಾಲೋ ಫೋರ್ಕ್‌ನ ಮುಖ್ಯ ಬೀದಿಯಲ್ಲಿ ದೀಪ ಉರಿಯುತ್ತಿರುವುದು ಒಂದೇ ಕಡೆ. ಒಂದು ಕಾಲಕ್ಕೆ ಬೂಟಿನ ಅಂಗಡಿಯಾಗಿದ್ದ ಆ ಮಳಿಗೆ ಈಗ ಸಂಸದ ಹಾಲಿಸ್ ಕ್ರಾಡಕ್ ಅವರ ಊರಿನ ಕಚೇರಿ. ಒಳಗೆ ಡ್ರೀಮಾ ಟೋಲರ್ ಕೋಟು ಬಿಚ್ಚದೆ ಕೂತಿದ್ದಾರೆ. ಮನೆಯಿಂದ ತಂದ ಪೆಪ್ಪರೋನಿ ರೋಲನ್ನು, ಒಳಗೆ ಮಾಂಸ ತುಂಬಿದ ಬನ್ನನ್ನು, ಫಾಯಿಲ್ ಸಮೇತ ಹೀಟರಿನ ಮೇಲಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಫೋನಿನ ಪಕ್ಕದ ಯಂತ್ರದ ಗುಂಡಿ ಒತ್ತುತ್ತಾರೆ. ರಾತ್ರಿ ಯಾರು ಯಾರು ಏನೇನು ಹೇಳಿಟ್ಟಿದ್ದಾರೋ ಅದೆಲ್ಲ ಒಂದೊಂದಾಗಿ ಹೊರಗೆ ಬರುತ್ತದೆ.

ಇವತ್ತು ನಾಲ್ಕೇ ಇವೆ. ಒಬ್ಬ ವಿಧವೆಗೆ ಪಿಂಚಣಿ ಚೆಕ್ಕು ಬಂದಿಲ್ಲ. ಇನ್ನೊಬ್ಬರು ಹನ್ನೊಂದನೇ ಸೈಜಿನ ಬೂಟು ಇದೆಯೇ ಎಂದು ಕೇಳಿದ್ದಾರೆ. ಅಂಗಡಿ ಮುಚ್ಚಿ ಇಪ್ಪತ್ತಾರು ವರ್ಷವಾಗಿದೆ, ನಂಬರು ಮಾತ್ರ ಹಳೆಯದೇ. ಮೂರನೆಯದರಲ್ಲಿ ಬರೀ ಉಸಿರು. ನಾಲ್ಕನೆಯವನು ನಲವತ್ತು ಸೆಕೆಂಡು ಬಾಯಿಗೆ ಬಂದಂತೆ ಬೈದು, ಕೊನೆಗೆ ದನಿ ತಗ್ಗಿಸುತ್ತಾನೆ: "ಮಿಸ್ ಡ್ರೀಮಾ, ನಿಮಗಲ್ಲ ಬೈದಿದ್ದು. ಬೇಜಾರ್ ಮಾಡ್ಕೋಬೇಡಿ."

"ಬೇಜಾರಾ? ಇವ್ನ ಅಮ್ಮ ನನ್ ಕ್ಲಾಸ್‌ಮೇಟು. ಅವ್ಳೂ ಹಿಂಗೇ ಬೈತಿದ್ಲು, ಇವನಿಗಿಂತ ಚೆನ್ನಾಗಿ," ಎನ್ನುತ್ತಾ ಡ್ರೀಮಾ ಹೆಸರು, ನಂಬರು, ವಿಷಯ ಬರೆದುಕೊಂಡು ಅಳಿಸುವ ಗುಂಡಿ ಒತ್ತುತ್ತಾರೆ.

ಈ ಅಳಿಸುವುದಕ್ಕೇ ಅವರು ಇಷ್ಟು ಬೇಗ ಬರುವುದು. ಯಂತ್ರದ ಹೊಟ್ಟೆಗೆ ಹಿಡಿಸುವುದು ಅರವತ್ತು ಸಂದೇಶ. ಅರವತ್ತೊಂದನೆಯವನಿಗೆ "ಜಾಗವಿಲ್ಲ" ಎಂಬ ಹೆಂಗಸಿನ ದನಿ ಕೇಳಿ ಫೋನು ಕಡಿದುಹೋಗುತ್ತದೆ. ಆರು ಗಂಟೆಗೆ ಗುಡ್ಡದ ಮೇಲಿನ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಜೈಲಿನಲ್ಲಿ ಪಾಳಿ ಬದಲಾಗುತ್ತದೆ. ಗಾರ್ಡುಗಳು ಗೇಟು ದಾಟುತ್ತಲೇ ಫೋನು ತೆಗೆಯುತ್ತಾರೆ. ಅಷ್ಟರೊಳಗೆ ಯಂತ್ರ ಖಾಲಿಯಾಗಿರಬೇಕು. ಹೀಗೆಂದು ಯಾರೂ ಹೇಳಿಕೊಟ್ಟಿಲ್ಲ. ಇದಕ್ಕೆ ಹೆಚ್ಚಿನ ಸಂಬಳವೂ ಇಲ್ಲ. ಈಗಂತೂ ಸಂಬಳವೇ ಇಲ್ಲ.

ಬಜೆಟ್ ಪಾಸಾಗದೆ ಸರ್ಕಾರ ಬಾಗಿಲು ಹಾಕಿ ಇವತ್ತಿಗೆ ನಲವತ್ತೊಂದು ದಿನ. ಬೇರೆ ಊರುಗಳಿಗೆ ಇದು ಟಿವಿ ಸುದ್ದಿ. ಟಾಲೋ ಫೋರ್ಕ್‌ನಲ್ಲಿ ಗಣಿ ಮುಚ್ಚಿದ ಮೇಲೆ ಉಳಿದಿರುವ ಒಂದೇ ದೊಡ್ಡ ಕೆಲಸ ಆ ಜೈಲು. ಕೈದಿಗಳನ್ನು ಬಿಟ್ಟು ಮನೆಗೆ ಹೋಗುವಂತಿಲ್ಲವಲ್ಲ, ಆದ್ದರಿಂದ ಗಾರ್ಡುಗಳು ಸಂಬಳವಿಲ್ಲದೆ ದುಡಿಯಲೇಬೇಕು. ರಜೆ ಹಾಕಿದವರ ಪಾಳಿಯೂ ಸೇರಿ ಕೆಲವರಿಗೆ ಹದಿನಾರು ಗಂಟೆ. ಬೇಟೆಯ ಬಂದೂಕು, ದೋಣಿ, ಹೆಂಡತಿಯ ಹೊಲಿಗೆ ಯಂತ್ರ ಎಲ್ಲ ಮಾರಾಟಕ್ಕಿವೆ. ಕೊಳ್ಳುವವರೂ ಗಾರ್ಡುಗಳೇ ಆದ್ದರಿಂದ ಯಾವುದೂ ಬಿಕರಿಯಾಗುತ್ತಿಲ್ಲ.

ಡ್ರೀಮಾಗೆ ಅರವತ್ತಮೂರು. ಇಪ್ಪತ್ತೆರಡು ವರ್ಷದ ಹಿಂದೆ ಅವರ ಗಂಡ ಗೇಲಾರ್ಡ್ ಕಲ್ಲಿದ್ದಲ ದೂಳಿಗೆ ಶ್ವಾಸಕೋಶ ಕೊಟ್ಟು ಮಲಗಿದ್ದರು. ಪರಿಹಾರದ ಅರ್ಜಿ ಹಿಡಿದು ಡ್ರೀಮಾ ಇದೇ ಮೇಜಿನೆದುರು ಬಂದು ನಿಂತದ್ದು ಹತ್ತೊಂಬತ್ತು ಸಲ. "ಇಪ್ಪತ್ತನೇ ಸಲ ಹೋದಾಗ ಆಗಿನ ಸಾಹೇಬ್ರು, 'ಅಮ್ಮಾ, ಈ ಫಾರಂಗಳು ನಮ್ಮವ್ರಿಗಿಂತ ನಿಮಗೇ ಚೆನ್ನಾಗಿ ಗೊತ್ತು, ಒಳಗೆ ಬಂದು ಕೂತ್ಕೊಂಬಿಡಿ' ಅಂದ್ರು. ಕೂತೆ. ದುಡ್ಡು ಬರೋ ಹೊತ್ತಿಗೆ ಗೇಲಾರ್ಡ್ ಇರ್ಲಿಲ್ಲ." ಅಂದಿನಿಂದ ಮೂವರು ಸಂಸದರು ಬಂದಿದ್ದಾರೆ, ಇಬ್ಬರು ಹೋಗಿದ್ದಾರೆ. ಮೇಜು, ಯಂತ್ರ, ಡ್ರೀಮಾ ಹಾಗೇ ಇದ್ದಾರೆ. ಪಿಂಚಣಿಗೆ ಇನ್ನು ಇಪ್ಪತ್ತು ತಿಂಗಳು ಬಾಕಿ. ಅಲ್ಲಿಯವರೆಗೆ ಈ ಕೆಲಸ ಉಳಿಯುತ್ತದೆಯೇ ಎಂಬುದು ಸೋಮವಾರ ಗೊತ್ತಾಗಲಿದೆ. ಅಂದು ವಾಷಿಂಗ್ಟನ್ನಿನಿಂದ ಕೀಗನ್ ಬರುತ್ತಾನೆ. ಸಂಸದರ ಸಿಬ್ಬಂದಿಗೆಲ್ಲ ಅವನೇ ಮುಖ್ಯಸ್ಥ. ವಯಸ್ಸು ಮೂವತ್ತು.

ಅವನು ಬರುತ್ತಿರುವುದು ಒಂದು ಕ್ಯಾಲೆಂಡರಿನ ಸಲುವಾಗಿ.

ಊರಿನ ಶವಸಂಸ್ಕಾರದ ಸಂಸ್ಥೆಯವರು ವರ್ಷವರ್ಷ ಪುಕ್ಕಟೆ ಹಂಚುವ ಕ್ಯಾಲೆಂಡರ್ ಅದು. ಬಂದ್ ಶುರುವಾದಂದಿನಿಂದ ಡ್ರೀಮಾ ದಿನದ ಚೌಕದಲ್ಲಿ ಎರಡು ಸಾಲು ಬರೆಯುತ್ತಾರೆ. ಮೇಲೆ, ಸಾಹೇಬರು ಅಂದು ಏನಂದರು. ಕೆಳಗೆ, ಸದನದಲ್ಲಿ ಯಾವ ಮತ ಹಾಕಿದರು. ಹಿಂದಿನ ಒಂದು ಬಂದ್‌ನಲ್ಲಿ ಯಾರೋ ಫೋನು ಮಾಡಿ "ನಮ್ಮವರು ಹೇಗೆ ವೋಟ್ ಮಾಡಿದ್ರು?" ಎಂದು ಕೇಳಿದಾಗ ಇವರು ಗೊತ್ತಿಲ್ಲ ಎಂದಿದ್ದರಂತೆ. "ಅಲ್ಲೇ ಕೂತು ಗೊತ್ತಿಲ್ಲ ಅಂತೀಯಲ್ಲ, ಸುಳ್ಳಿ" ಎಂದು ಆತ ಫೋನು ಕುಕ್ಕಿದ. ಆ ಮಾತು ನಾಟಿತು. ಮತವೇನೂ ಗುಟ್ಟಲ್ಲ, ಯಾರು ಬೇಕಾದರೂ ನೋಡಬಹುದು. ಗುಡ್ಡದ ಮೇಲೆ ಹದಿನಾರು ಗಂಟೆ ನಿಂತವನಿಗೆ ನೋಡುವ ತ್ರಾಣ ಇರುವುದಿಲ್ಲ, ಅಷ್ಟೇ.

ಕ್ಯಾಲೆಂಡರಿನ ಮುಂದೆ ನಿಂತರೆ ಬೇರೆ ಭಾಷಣ ಬೇಡ. ಮೊದಲನೇ ದಿನ ಮೇಲೆ: "ಬಾಗಿಲು ತೆರೆಯಲಿ ಎಂಬುದೇ ನನ್ನ ಆಸೆ." ಕೆಳಗೆ: ತೆರೆಯುವ ಮಸೂದೆಗೆ ಇಲ್ಲ. ಒಂಬತ್ತನೇ ದಿನ ಮೇಲೆ: "ಜೈಲಿನ ಗಾರ್ಡುಗಳೇ ನಮ್ಮ ನಿಜವಾದ ವೀರರು." ಕೆಳಗೆ: ಇಲ್ಲ. ಹದಿನೈದನೇ ದಿನ, ಬಂದ್ ಮುಗಿಯುವವರೆಗೆ ತಮ್ಮ ಸಂಬಳ ತಮಗೂ ಬೇಡವೆಂದು ಪತ್ರ ಬರೆದು ಅದರ ಫೋಟೊ ಹಂಚಿದರು. ಮುಗಿದ ಮೇಲೆ ಒಟ್ಟಿಗೆ ತೆಗೆದುಕೊಳ್ಳುವುದಿಲ್ಲ ಎಂದು ಪತ್ರದಲ್ಲಿ ಎಲ್ಲೂ ಇಲ್ಲ. ಅಂದೂ ಕೆಳಗೆ: ಇಲ್ಲ. ಇಪ್ಪತ್ತೆಂಟು ದಿನಕ್ಕೆ ಹದಿಮೂರು ಮತ, ಹದಿಮೂರೂ ಇಲ್ಲ. ಮೇಲಿನ ಸಾಲುಗಳನ್ನಷ್ಟೇ ಓದಿದರೆ ದೇವರಂಥ ಮನುಷ್ಯ.

ಬೆಳಿಗ್ಗೆ ಆರು ಹತ್ತಕ್ಕೆ ತಪ್ಪದೆ ಬರುತ್ತಿದ್ದ ಕರೆ ಆರ್ಲಿನ್ ಸ್ಟಂಬೋ ಅವರದು. ಹನ್ನೊಂದು ವರ್ಷದಿಂದ ಗಾರ್ಡು, ಮೂರು ಮಕ್ಕಳ ತಂದೆ.

"ಮಿಸ್ ಡ್ರೀಮಾ, ಏನಂದ್ರು ನಮ್ ಸಾಹೇಬ್ರು?"

"ಇಲ್ಲ ಅಂದ್ರಪ್ಪ."

"ಸರಿ ಬಿಡಿ. ನಾಳೆ ಮಾಡ್ತೀನಿ."

ಇಷ್ಟೇ ಮಾತು. ದಿನಾ.

ಎಡವಟ್ಟಾದದ್ದು ಗಾರ್ಡುಗಳಿಗಷ್ಟಾದರೂ ಸಂಬಳ ಕೊಡೋಣ ಎಂಬ ಸಣ್ಣ ಮಸೂದೆ ಬಂದಾಗ. ಅದು ಇಪ್ಪತ್ತೆಂಟನೇ ದಿನದ ಸಂಜೆ ಮತಕ್ಕೆ ಬರಬೇಕಿತ್ತು. ಡ್ರೀಮಾಗೆ ಮಂಡಿನೋವು, ಹೊರಗೆ ಜಡಿಮಳೆ. ಹದಿಮೂರು ಸಲ ಇಲ್ಲ ಎಂದವರು ಹದಿನಾಲ್ಕನೇ ಸಲ ಏನನ್ನುತ್ತಾರೆ ಎಂಬುದಕ್ಕೆ ಶಾಸ್ತ್ರ ಕೇಳಬೇಕೇ? ಐದು ಗಂಟೆಗೆ ಮನೆಗೆ ಹೊರಡುವ ಮುನ್ನವೇ ಚೌಕದಲ್ಲಿ "ಇಲ್ಲ" ಎಂದು ಬರೆದರು. ಮರುದಿನ ಬೆಳಿಗ್ಗೆ ಕೇಳಿದ ಹನ್ನೊಂದು ಜನಕ್ಕೆ ಅದನ್ನೇ ಹೇಳಿದರು.

ಮತದಾನ ರಾತ್ರಿ ನಡೆದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮುಂದೆ ಹೋಗಿತ್ತು. ಮಧ್ಯಾಹ್ನ ದಾಖಲೆ ತೆಗೆದು ನೋಡಿದರೆ ಕ್ರಾಡಕ್ ಹೆಸರಿನ ಮುಂದೆ ಹೌದೂ ಇಲ್ಲ, ಇಲ್ಲವೂ ಇಲ್ಲ. ಮನುಷ್ಯ ಸದನಕ್ಕೇ ಹೋಗಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕ್ಯಾಲೆಂಡರಿನಲ್ಲಿ ತಿದ್ದಿ ಸುಮ್ಮನಾಗುತ್ತಿದ್ದರು. ಡ್ರೀಮಾ ಹನ್ನೊಂದು ನಂಬರುಗಳನ್ನೂ ಹುಡುಕಿ ಒಬ್ಬೊಬ್ಬರಿಗೇ ಫೋನು ಮಾಡಿದರು. "ನಾನು ತಪ್ಪು ಹೇಳ್ಬಿಟ್ಟೆ. ಅವ್ರು ಇಲ್ಲ ಅಂತ ಹಾಕಿಲ್ಲ. ಹಾಕೇ ಇಲ್ಲ." ಸಾಹೇಬರಿಗೆ ಅನ್ಯಾಯವಾಗಬಾರದು ಎಂಬುದು ಅವರ ಲೆಕ್ಕ.

ಏಳನೇ ಕರೆ ಆರ್ಲಿನ್‌ಗೆ.

"ವೋಟು ಎಷ್ಟೊತ್ಗೆ ಇತ್ತು, ಮಿಸ್ ಡ್ರೀಮಾ?"

"ಬೆಳಿಗ್ಗೆ ಹನ್ನೊಂದಕ್ಕೆ."

"ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅವ್ನು ಇಲ್ಲೇ ಇದ್ದ. ಅಗ್ನಿಶಾಮಕದವ್ರ ಪ್ಯಾನ್‌ಕೇಕ್ ಊಟಕ್ಕೆ ಬಂದಿದ್ದ. ನನ್ ಹೆಂಡ್ತಿ ಟ್ವಿಲಾನೇ ಬಡಿಸಿದ್ದು. 'ನಿಮ್ಮ ಯಜಮಾನ್ರು ವೀರರಮ್ಮಾ' ಅಂದ್ನಂತೆ. ಎರಡನೇ ಸಲ ಹಾಕಿಸ್ಕೊಂಡು ತಿಂದ."

ಇಲ್ಲ ಎಂದವನನ್ನು ಊರು ಹೇಗೋ ನುಂಗಿಕೊಂಡಿತ್ತು. ಮತಕ್ಕೆ ತನ್ನ ಹೆಸರು ಬಂದ ಹೊತ್ತಿಗೆ ತಮ್ಮೂರಲ್ಲೇ ಕೂತು ಸಿರಪ್ ಸುರಿಸಿಕೊಳ್ಳುತ್ತಿದ್ದವನನ್ನು ನುಂಗುವುದು ಕಷ್ಟ. ಎರಡು ದಿನ ಬಿಟ್ಟು, ಹಳೇ ಸಾಮಾನು ಮಾರುವ ಕೊಳ್ಳುವ ರೇಡಿಯೊ ಕಾರ್ಯಕ್ರಮಕ್ಕೆ ಆರ್ಲಿನ್ ತಮ್ಮ ದೋಣಿ ಮಾರಲು ಫೋನು ಮಾಡಿದರು. ಹದಿನಾಲ್ಕು ಅಡಿ, ಮೋಟಾರು ಸರಿಯಿದೆ ಎಂದು ಹೇಳಿ, ಅದೇ ಉಸಿರಿನಲ್ಲಿ ಪ್ಯಾನ್‌ಕೇಕ್ ಕತೆಯನ್ನೂ ಹೇಳಿದರು. ಸುತ್ತಲಿನ ಮೂರು ಜಿಲ್ಲೆ ಕೇಳಿತು. ದೋಣಿ ಹೋಗಲಿಲ್ಲ.

ಮರುದಿನ ಕೀಗನ್ ಫೋನು ಬಂತು.

"ಡ್ರೀಮಾ, ನೀವು ಜನಕ್ಕೆ ಸುಳ್ಳು ಮಾಹಿತಿ ಕೊಟ್ಟಿದೀರ."

"ಕೊಟ್ಟೆ. ಆಮೇಲೆ ತಿದ್ದಿದೆ."

"ತಿದ್ದಿದ್ದಕ್ಕೇ ತೊಂದ್ರೆ ಆಗಿರೋದು! ಆ ಮಸೂದೆ ಮೂರು ವೋಟಿನ ಅಂತರದಲ್ಲಿ ಬಿತ್ತು. ಸಾಹೇಬ್ರು ಬಂದಿದ್ರೂ ಬೀಳ್ತಿತ್ತು."

"ಅದನ್ನೂ ಹೇಳ್ಲಾ ಅವ್ರಿಗೆ?"

ಆ ಕಡೆಯಿಂದ ಅಪ್ಪಣೆಗಳು ಬಂದವು. ಇನ್ನು ಮುಂದೆ ಯಾರಿಗೂ ಮತದ ವಿಷಯ ಫೋನಿನಲ್ಲಿ ಹೇಳಕೂಡದು. ವಾಷಿಂಗ್ಟನ್ ಕಳಿಸುವ ಹಾಳೆಯನ್ನಷ್ಟೇ ಓದಬೇಕು: "ಪ್ರತಿಯೊಬ್ಬ ನೌಕರನಿಗೂ ಸಂಬಳ ಸಿಗಬೇಕೆಂಬುದು ಸಂಸದರ ದೃಢ ನಿಲುವು." ಒಂಬತ್ತಕ್ಕೆ ಮುಂಚೆ ಕಚೇರಿಗೆ ಬರುವುದೇ ಬೇಡ. ಇನ್ನೊಂದು ಸಲ ಹೀಗಾದರೆ ಕೆಲಸ ಹೋಗುತ್ತದೆ.

"ಬರ್ಬೇಡ ಅಂದ್ರು. ಬೀಗದ ಕೈ ವಾಪಸ್ ಕೇಳ್ಲಿಲ್ಲ," ಎನ್ನುತ್ತಾರೆ ಡ್ರೀಮಾ. ಫೋನಿನಲ್ಲಿ ಹೇಳಬೇಡ ಎಂದದ್ದಕ್ಕೆ ಹೇಳುವುದನ್ನು ನಿಲ್ಲಿಸಿದ್ದಾರೆ. ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಿಚ್ಚಿ, ಹಿಂದೆ ಬೂಟು ಜೋಡಿಸುತ್ತಿದ್ದ ಬೀದಿಗಾಜಿನ ಒಳಗೆ, ಜನಕ್ಕೆ ಕಾಣುವ ಹಾಗೆ ಅಂಟಿಸಿದ್ದಾರೆ. ಇದನ್ನು ನೋಡಲೇ ಸೋಮವಾರ ಕೀಗನ್ ಬರುತ್ತಿರುವುದು. ಅಷ್ಟರೊಳಗೆ ತೆಗೆದುಬಿಟ್ಟರೆ ಇಪ್ಪತ್ತು ತಿಂಗಳು ನೆಮ್ಮದಿಯಾಗಿ ಕಳೆಯಬಹುದು ಎಂದು ಚರ್ಚಿನ ಹೆಂಗಸರೆಲ್ಲ ಹೇಳಿ ಆಯಿತು.

ಇದರಿಂದ ಏನಾದರೂ ಬದಲಾಯಿತೇ ಎಂದು ಕೇಳಿದರೆ, ಆಯಿತು. ಕರೆಗಳು ನಿಂತವು. ಪಾಳಿ ಮುಗಿಸಿ ಗುಡ್ಡ ಇಳಿಯುವ ಪಿಕಪ್ಪುಗಳು ಕಚೇರಿಯೆದುರು ನಿಧಾನವಾಗುತ್ತವೆ. ಹೆಡ್‌ಲೈಟು ಗಾಜಿನ ಮೇಲೆ ಬೀಳುತ್ತದೆ. ಓದಿಕೊಳ್ಳುತ್ತಾರೆ, ಹೋಗುತ್ತಾರೆ. ಹಾರನ್ ಕೂಡ ಮಾಡುವುದಿಲ್ಲ. ದಿನಕ್ಕೆ ಇನ್ನೂರು ಬರುತ್ತಿದ್ದ ಕರೆ ಇಪ್ಪತ್ತಕ್ಕಿಳಿಯಿತು, ಆಮೇಲೆ ಏಳಕ್ಕೆ. ಕೇಳಲು ಏನೂ ಉಳಿಯದಿದ್ದ ಮೇಲೆ ಯಾರು ಫೋನು ಮಾಡುತ್ತಾರೆ? ಕರೆಗಳ ಲೆಕ್ಕ ನೋಡಿ ವಾಷಿಂಗ್ಟನ್ ಕಚೇರಿ ಹಿಗ್ಗಿದೆ. ಮೊನ್ನೆ ಸಾಹೇಬರು ರೇಡಿಯೊದಲ್ಲಿ, "ನನ್ನ ಕ್ಷೇತ್ರ ಶಾಂತವಾಗಿದೆ, ಜನ ನನ್ನ ಜೊತೆಗಿದ್ದಾರೆ" ಎಂದರು. ಡ್ರೀಮಾ ಅದನ್ನೂ ಮೇಲಿನ ಸಾಲಿನಲ್ಲಿ ಬರೆದಿದ್ದಾರೆ, ಒಂದಕ್ಷರ ಬಿಡದೆ.

"ನಾನೇ ಜನರ ಬಾಯಿ ಮುಚ್ಚಿಸಿಬಿಟ್ನೇನೋ ಅನ್ಸುತ್ತೆ. ಯಂತ್ರ ತುಂಬಿ ತುಳುಕ್ತಾ ಇದ್ದಾಗ ಸಾಕಪ್ಪಾ ಅಂತಿದ್ದೆ. ಈಗ ಯಾರಾದ್ರೂ ಬೈದ್ರೂ ಸಾಕು ಅನ್ಸುತ್ತೆ." ರೋಲಿನ ಫಾಯಿಲ್ ಬಿಚ್ಚಿದವರು ತಿನ್ನದೆ ಹಾಗೇ ಮುಚ್ಚಿಡುತ್ತಾರೆ.

ನಿಮ್ಮ ಆಸೆ ಏನು ಎಂದರೆ ಸಂಬಳ ಎನ್ನುವುದಿಲ್ಲ, ಪಿಂಚಣಿ ಎನ್ನುವುದಿಲ್ಲ. "ಒಂದಿನ, ಒಂದೇ ದಿನ, ಮೇಲಿನ ಸಾಲೂ ಕೆಳಗಿನ ಸಾಲೂ ಒಂದೇ ಆಗಿರ್ಬೇಕು. ಗಾರ್ಡುಗಳಿಗೆ ಸಂಬಳ ಬೇಡ ಅಂತ ಬಾಯ್ಬಿಟ್ಟು ಹೇಳಿ, ಇಲ್ಲ ಅಂತಾನೇ ಹಾಕ್ಲಿ. ಅದೂ ಆಗುತ್ತೆ ನನಗೆ. ಎರಡೂ ಹೊಂದ್ಲಿ, ಅಷ್ಟೇ."

ಆರು ಹತ್ತು. ಫೋನು ಸುಮ್ಮನಿದೆ. ಗಾಜಿನ ಆಚೆ ಪಿಕಪ್ಪೊಂದು ನಿಲ್ಲುತ್ತದೆ. ಸಮವಸ್ತ್ರದಲ್ಲೇ ಇಳಿದು ಬಾಗಿಲು ತಳ್ಳಿ ಬರುವವರು ಆರ್ಲಿನ್. ಇವತ್ತಿನದು ಅವರ ಕೊನೆಯ ಪಾಳಿ. ಶನಿವಾರ ಒಹಾಯೊ ರಾಜ್ಯಕ್ಕೆ ಹೋಗುತ್ತಾರೆ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಹೆಂಡತಿ ಮಕ್ಕಳು ಸದ್ಯ ಇಲ್ಲೇ.

"ಫೋನ್ ಮಾಡೋಣ ಅಂದ್ಕೊಂಡೆ. ಆಮೇಲೆ, ಹೋಗೋ ಮುಂಚೆ ಮುಖ ನೋಡ್ಕೊಂಡು ಹೋಗೋಣ ಅನ್ನಿಸ್ತು," ಎನ್ನುತ್ತಾರೆ.

"ಕೂತ್ಕೋ ಮಗಾ. ರೋಲ್ ಇದೆ, ಬಿಸಿಯಾಗಿದೆ."

ಆರ್ಲಿನ್ ಕೂರುವುದಿಲ್ಲ. ರೋಲನ್ನು ಜೇಬಿಗೆ ಹಾಕಿಕೊಂಡು ಗಾಜಿಗೆ ಅಂಟಿಸಿದ ಕ್ಯಾಲೆಂಡರಿನ ಕಡೆ ಕೈ ತೋರಿಸುತ್ತಾರೆ. "ಹೊರಗಡೆಯಿಂದ ಓದ್ಕೊಂಡೇ ಬಂದೆ. ಇವತ್ತಿಂದು ಕೆಳಗಡೆ ಬರ್ದೇ ಇಲ್ವಲ್ಲ."

"ವೋಟು ಮಧ್ಯಾಹ್ನಕ್ಕೆ. ಬಾಗಿಲು ತೆರೆಯೋದು, ಮತ್ತೆ ಅದೇ."

"ಏನ್ ಹಾಕ್ತಾನೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬರ್ದ್‌ಬಿಡಿ, ನೋಡ್ಕೊಂಡೇ ಹೋಗ್ತೀನಿ."

ಡ್ರೀಮಾ ಪೆನ್ನಿಗೆ ಮುಚ್ಚಳ ಹಾಕುತ್ತಾರೆ.

"ಗೊತ್ತು ಅಂದ್ಕೊಂಡೇ ಒಂದ್ಸಲ ಬರ್ದು ತಪ್ಪು ಮಾಡಿದೀನಿ ಕಣಪ್ಪ. ಅವ್ರು ಹಾಕೋವರ್ಗೂ ಆ ಜಾಗ ಖಾಲಿನೇ ಇರ್ಲಿ. ಒಹಾಯೊದಿಂದ ಫೋನ್ ಮಾಡು. ಅಷ್ಟೊತ್ಗೆ ನಾನಿನ್ನೂ ಇಲ್ಲಿದ್ರೆ, ನಾನೇ ಎತ್ತುತ್ತೀನಿ."